ಭಾನುವಾರ ಜೈ ಅಂದವರು ಶುಕ್ರವಾರ ಎಲ್ಲಿ ಹೋದರು?

ಪ್ರಶ್ನೆ: ಯೇಸು ಜೆರುಸಲೇಮಿಗೆ ಬಂದ ಗರಿಗಳ ಭಾನುವಾರ ಅವನಿಗೆ ಜೈಕಾರ ಹಾಕಿದ ಜನರೇ ಐದು ದಿನದಲ್ಲಿ ‘ಶಿಲುಬೆಗೆ ಹಾಕಿಸು’ ಎಂದು ಕೂಗಿದರಲ್ಲ, ಯಾಕೆ?

ಉತ್ತರ: ಬೆಳಗಾವಿಯಲ್ಲಿ ಗರಿ ಹಿಡಿದು ಚರ್ಚಿಗೆ ನಡೆಯುವಾಗ ಪ್ರತಿ ವರ್ಷ ಯಾರಾದರೂ ಇದನ್ನು ಕೇಳೇ ಕೇಳುತ್ತಾರೆ. ಎರಡೂ ಸಲ ಕೂಗಿದ್ದು ಒಂದೇ ಗುಂಪು ಎಂದು ಯೇಸುವಿನ ಕಥೆ ಹೇಳುವ ಸುವಾರ್ತೆಗಳು ಎಲ್ಲೂ ಹೇಳುವುದಿಲ್ಲ. ತೀರ್ಪು ಕೊಡಬೇಕಿದ್ದ ರೋಮಿನ ಅಧಿಕಾರಿ ಪಿಲಾತನ ಮುಂದೆ ನಿಂತಿದ್ದವರನ್ನು ಮುಖ್ಯಯಾಜಕರು ಕೆರಳಿಸಿದರು ಎಂದು ಮಾರ್ಕ ಬರೆಯುತ್ತಾನೆ. ಯೆಹೂದ್ಯರೆಲ್ಲ ತಿರುಗಿಬಿದ್ದರು ಎನ್ನುವುದಂತೂ ತಪ್ಪು. ಯೇಸು, ಅವನ ಶಿಷ್ಯರು, ಅವನಿಗಾಗಿ ಅತ್ತ ಹೆಂಗಸರು ಎಲ್ಲರೂ ಯೆಹೂದ್ಯರೇ ಅಲ್ವಾ?

ಆದರೆ ಭಾನುವಾರದವರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ದೊಡ್ಡ ವಿಷಯ. ಮೆಸ್ಸೀಯ ಅಂದರೆ ಎಣ್ಣೆ ಹೊಯ್ದು ಆರಿಸಿದವನು. ಗ್ರೀಕಿನಲ್ಲಿ ಅದೇ ಕ್ರಿಸ್ತ. ಹಿಂದೆ ದಾವೀದನನ್ನು ಹಾಗೇ ಇಸ್ರಾಯೇಲಿನ ರಾಜನಾಗಿ ಆರಿಸಿದ್ದರು. ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಜೆರುಸಲೇಮನ್ನು ಹಿಡಿದ. ಅಲ್ಲಿಂದ ಪರರ ಆಳ್ವಿಕೆ, ಪರರ ಕಂದಾಯ. ದಾವೀದನ ವಂಶದವನೊಬ್ಬ ಬಂದು ಇವರನ್ನು ಓಡಿಸಲಿ ಎಂದು ಜನ ಕಾದರು. ಈ ಆಸೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡಕ್ಕೆ ಇವತ್ತಿಗೂ ಜನ ಹೋಗಿ ಕೈಮುಗಿಯುತ್ತಾರೆ.

ಆ ಗರಿಗಳೂ ಸುಮ್ನೆ ಬಂದದ್ದಲ್ಲ. ಯೇಸುವಿಗಿಂತ ಸುಮಾರು 170 ವರ್ಷ ಮುಂಚೆ, ಪರರ ಆಳ್ವಿಕೆಯ ವಿರುದ್ಧ ಬಂಡೆದ್ದ ಮಕ್ಕಬಿಯ ಮನೆತನದ ಸಿಮೋನ ಜೆರುಸಲೇಮಿನ ಕೋಟೆಯಿಂದ ಶತ್ರುಗಳನ್ನು ಹೊರಹಾಕಿದಾಗಲೂ ಜನ ಖರ್ಜೂರದ ಗರಿ ಹಿಡಿದೇ ಒಳಗೆ ಹೋಗಿದ್ದರು. ‘ಹೊಸನ್ನ’ ಎಂಬ ಕೂಗಿಗೆ ಮೂಲದಲ್ಲಿ ‘ನಮ್ಮನ್ನು ಕಾಪಾಡು’ ಎಂದು ಅರ್ಥ. ಯಾರಿಂದ ಕಾಪಾಡಬೇಕು ಎಂದು ಅವರನ್ನು ಕೇಳಿದ್ದರೆ, ರೋಮಿನವರಿಂದ ಎಂದು ತಡವರಿಸದೆ ಹೇಳುತ್ತಿದ್ದರು ಎಂದು ನನಗನಿಸುತ್ತದೆ.

ಯೇಸು ಬಂದದ್ದು ಮಾತ್ರ ಕತ್ತೆಮರಿಯ ಮೇಲೆ. ಪ್ರವಾದಿ ಜೆಕರ್ಯನ ಪುಸ್ತಕದಲ್ಲಿ ಬರುವ ರಾಜ ಹಾಗೇ ಬರುತ್ತಾನೆ, ಸಾಧುವಾಗಿ, ಯುದ್ಧದ ಬಿಲ್ಲನ್ನು ಮುರಿಯುವುದಕ್ಕೆ. ಅದೂ ಅವರ ಧರ್ಮಗ್ರಂಥದಲ್ಲೇ ಇತ್ತು. ಪ್ರವಾದಿ ಯೆಶಾಯನ ಪುಸ್ತಕದ 53ನೇ ಅಧ್ಯಾಯದಲ್ಲಿ ನೋವುಣ್ಣುವ ಸೇವಕನೂ ಇದ್ದ. ಕ್ರೈಸ್ತರು ಆ ಸೇವಕನಲ್ಲಿ ಯೇಸುವನ್ನು ಕಾಣುತ್ತಾರೆ. ಯೆಹೂದ್ಯರಲ್ಲಿ ಹೆಚ್ಚಿನವರು ಅದು ಇಸ್ರಾಯೇಲ್ ಜನಾಂಗವೇ ಎಂದು ಓದುತ್ತಾರೆ. ಅವರ ಮೆಸ್ಸೀಯನಿಗಾಗಿ ಅವರು ಇನ್ನೂ ಕಾಯುತ್ತಿದ್ದಾರೆ.

ಗುಂಪನ್ನೇ ಬೈಯುವ ಮೊದಲು ಶಿಷ್ಯರನ್ನೂ ನೋಡಬೇಕು. ‘ನೀನೇ ಕ್ರಿಸ್ತ’ ಅಂದ ಪೇತ್ರನೇ, ಯೇಸು ತನ್ನ ಸಾವಿನ ಮಾತು ಎತ್ತಿದ ಕೂಡಲೇ ಅವನನ್ನು ಗದರಿಸಿದ. ಯೇಸುವಿನ ಬರವನ್ನು ಮೊದಲೇ ಸಾರಿದ ಸ್ನಾನಿಕ ಯೋಹಾನನಂಥವನೇ ಜೈಲಿನಿಂದ, ‘ಬರಬೇಕಾದವನು ನೀನೋ, ಇಲ್ಲ ಇನ್ನೊಬ್ಬನಿಗೆ ಕಾಯಬೇಕೋ’ ಎಂದು ಕೇಳಿ ಕಳಿಸಿದ.

ನನಗೆ ಜಾಸ್ತಿ ಕಾಡುವುದು ಯೇಸು ಸತ್ತ ಮೂರನೆಯ ದಿನ ಎಮ್ಮಾವುಸ್ ಎಂಬ ಹಳ್ಳಿಯ ದಾರಿಯಲ್ಲಿದ್ದ ಅವನ ಇಬ್ಬರು ಶಿಷ್ಯರು. ಇಸ್ರಾಯೇಲನ್ನು ಬಿಡಿಸುವವನು ಅವನೇ ಎಂದು ನಂಬಿದ್ದೆವು, ಎಲ್ಲ ಮುಗಿಯಿತು, ಎಂದು ದಾರಿಯಲ್ಲಿ ಜೊತೆಯಾದವನಿಗೆ ಹೇಳಿಕೊಂಡರು. ಹೇಳಿಸಿಕೊಳ್ಳುತ್ತಿದ್ದವನು ಸಾವಿನಿಂದ ಎದ್ದು ಬಂದ ಯೇಸುವೇ. ಅದು ಗೊತ್ತಾಗಿದ್ದು ಸಂಜೆ, ಊಟಕ್ಕೆ ಕೂತು ಅವನು ರೊಟ್ಟಿ ಮುರಿದು ಕೊಟ್ಟಾಗ.