ಟೈಮ್ ಅಲ್ಲ, ಕ್ಲಾಸ್ ನೋಡಿ

ಕುದುರೆ ರೇಸ್ ಹೊಸದಾಗಿ ನೋಡೋಕೆ ಶುರು ಮಾಡಿದವರು ಮೊದಲು ಹೋಲಿಸೋದು ಟೈಮನ್ನ, ಈ ಕುದುರೆ ಅದಕ್ಕಿಂತ ಎರಡು ಸೆಕೆಂಡ್ ಬೇಗ ಓಡಿದೆ, ಹಾಗಾದ್ರೆ ಇದೇ ಒಳ್ಳೇದು ಅಂತ. ಆದ್ರೆ ಟ್ರ್ಯಾಕ್ ಒದ್ದೆ ಇದ್ರೆ, ಎದುರುಗಾಳಿ ಇದ್ರೆ, ಅಥವಾ ಮೊದಲರ್ಧ ಎಲ್ಲಾ ಜಾಕಿಗಳೂ ಕುದುರೆಗಳನ್ನ ಬಿಗಿ ಹಿಡಿದು ನಿಧಾನಕ್ಕೆ ಹೋದ್ರೆ ಎಂಥಾ ಚಾಂಪಿಯನ್ ಟೈಮೂ ಕೆಟ್ಟೋಗುತ್ತೆ. ಎಷ್ಟು ಬೇಗ ಓಡ್ತು ಅನ್ನೋದಕ್ಕಿಂತ ಯಾರ ಜೊತೆ ಓಡಿ ಗೆಲ್ತು ಅನ್ನೋದೇ ಹೆಚ್ಚು ನಂಬಬಹುದಾದ ಅಳತೆ, ರೇಸಿನ ಕ್ಲಾಸ್ ಹೇಳೋದು ಅದನ್ನೇ.

ಅಮೆರಿಕದ ಪದ್ಧತಿಯಿಂದ ಶುರು ಮಾಡೋಣ, ಅಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣ್ತವೆ. ಒಂದು ಸಲಾನೂ ಗೆಲ್ಲದ ಕುದುರೆಗಳಿಗೆ ಮೇಡನ್ ರೇಸು. ಗಂಡಾಗ್ಲಿ ಹೆಣ್ಣಾಗ್ಲಿ ಗೆಲ್ಲೋವರೆಗೂ ಅದು ಮೇಡನ್ನೇ, ಗೆದ್ದ ಮೇಲೆ ಆ ರೇಸಿಗೆ ವಾಪಸ್ ಬರಂಗಿಲ್ಲ.

ಆಮೇಲೆ ಕ್ಲೇಮಿಂಗ್ ರೇಸು. ನಂಗೆ ಇಡೀ ಪದ್ಧತಿಯಲ್ಲಿ ಅತಿ ಜಾಣತನದ್ದು ಅನ್ಸೋದು ಇದೇ. ಇಲ್ಲಿ ಓಡೋ ಪ್ರತಿ ಕುದುರೆಗೂ ಒಂದು ರೇಟ್ ಇರುತ್ತೆ, ಉದಾಹರಣೆಗೆ 10,000 ಡಾಲರ್, ರೇಸಿಗೆ ಮುಂಚೆ ಲೈಸೆನ್ಸ್ ಇರೋ ಯಾರು ಬೇಕಾದ್ರೂ ಚೀಟಿ ಹಾಕಿ ಆ ರೇಟಿಗೆ ಕುದುರೆ ತಗೋಬಹುದು, ಒಂದೇ ಕುದುರೆಗೆ ಇಬ್ಬರು ಮೂವರು ಚೀಟಿ ಹಾಕಿದ್ರೆ ಲಾಟರಿ ಎತ್ತುತ್ತಾರೆ. ಆ ರೇಸಿನ ಬಹುಮಾನ ಹಳೇ ಓನರ್‌ಗೆ, ಕುದುರೆ ಹೊಸ ಓನರ್‌ಗೆ. ಓಡಿ ಬೆವರು ಆರೋಕೆ ಮುಂಚೆನೇ ಬೇರೆ ಲಾಯದವರು ಬಂದು ಹಗ್ಗ ಹಿಡ್ಕೊಂಡು ಕರ್ಕೊಂಡು ಹೋಗ್ತಾರೆ, ಅಷ್ಟು ದಿನ ಮೈ ತಿಕ್ಕಿ ಹುಲ್ಲು ಹಾಕಿದವನು ಖಾಲಿ ಕೈಯಲ್ಲಿ ವಾಪಸ್ ನಡೀಬೇಕು, ನೋಡೋಕೆ ಕಷ್ಟ ಆಗುತ್ತೆ. ಆದ್ರೆ ಇದ್ರ ಲೆಕ್ಕ ನೋಡಿ: 40,000 ಬೆಲೆ ಬಾಳೋ ಕುದುರೆನ ಸುಲಭವಾಗಿ ಗೆಲ್ಲೋಣ ಅಂತ 10,000ದ ರೇಸಿಗೆ ಇಳಿಸಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ, 10,000ದ ಕುದುರೆನ 40,000ದ ರೇಸಲ್ಲಿ ಓಡಿಸಿದ್ರೆ ಬಹುಮಾನ ಸಿಗೋದು ಕಷ್ಟ. ಹಂಗಾಗಿ ಯಾರೂ ಬಲವಂತ ಮಾಡದೇನೇ ಓನರ್‌ಗಳು ಸರಿಯಾದ ಬೆಲೆ ಹೇಳ್ತಾರೆ, ಸಮಸಮ ಇರೋ ಕುದುರೆಗಳು ಒಂದೇ ಕಡೆ ಸೇರ್ತವೆ.

ಒಂದೊಂದ್ಸಲ ಈ ಲೆಕ್ಕಾನೂ ತಪ್ಪುತ್ತೆ. 2021ರ ಸೆಪ್ಟೆಂಬರ್‌ನಲ್ಲಿ ರಿಚ್ ಸ್ಟ್ರೈಕ್ ಅನ್ನೋ ಕುದುರೆ 30,000 ಡಾಲರ್‌ನ ಮೇಡನ್ ಕ್ಲೇಮಿಂಗ್ ರೇಸನ್ನ 17 ಲೆಂತ್‌ಗಿಂತ ಜಾಸ್ತಿ ಅಂತರದಲ್ಲಿ (ಒಂದು ಲೆಂತ್ ಅಂದ್ರೆ ಒಂದು ಕುದುರೆ ಉದ್ದ) ಗೆಲ್ತು, ಅವತ್ತೇ ಬೇರೆಯವರ ಪಾಲಾಯ್ತು, 2022ರ ಮೇನಲ್ಲಿ ಅದೇ ಕುದುರೆ 80ಕ್ಕೆ 1 ಆಡ್ಸ್‌ನಲ್ಲಿ, ಅಂದ್ರೆ ಗೆಲ್ಲುತ್ತೆ ಅಂತ ಹೆಚ್ಚುಕಮ್ಮಿ ಯಾರೂ ನಂಬದೇ ಇದ್ದಾಗ, ಅಮೆರಿಕದ ಅತಿ ಹೆಸರಾಂತ ರೇಸು ಕೆಂಟಕಿ ಡರ್ಬಿನ ಗೆದ್ದುಬಿಡ್ತು.

ಕ್ಲೇಮಿಂಗ್ ಮೇಲೆ ಅಲವೆನ್ಸ್ ರೇಸು, ಇಲ್ಲಿ ಕುದುರೆ ಮಾರಾಟಕ್ಕಿಲ್ಲ, ಇಷ್ಟಕ್ಕಿಂತ ಹೆಚ್ಚು ರೇಸ್ ಗೆದ್ದಿರಬಾರದು ಅನ್ನೋ ಥರ ಷರತ್ತುಗಳಿರ್ತವೆ. ಅದಕ್ಕೂ ಮೇಲೆ ಸ್ಟೇಕ್ಸ್. ಓನರ್‌ಗಳು ಪಣವಾಗಿ ದುಡ್ಡು ಹಾಕ್ತಿದ್ದದ್ದರಿಂದ ಬಂದ ಹೆಸರು ಅದು. ಸ್ಟೇಕ್ಸ್‌ನಲ್ಲೇ ಉತ್ತಮವಾದವಕ್ಕೆ ಗ್ರೇಡ್ 3, 2, 1 ಅಂತ ಕೊಡ್ತಾರೆ, 1 ಅಂದ್ರೆ ತುದಿ. ಯೂರೋಪಲ್ಲಿ ಇದನ್ನೇ ಗ್ರೂಪ್ ಅಂತಾರೆ, 1971ರಿಂದ ಇದೆ, ಗ್ರೂಪ್ 3ರ ಕೆಳಗಿನದು ಲಿಸ್ಟೆಡ್. ಈ ಗ್ರೇಡು ಶಾಶ್ವತ ಅಲ್ಲ, ಒಳ್ಳೆ ಕುದುರೆಗಳು ಬರೋದು ನಿಂತ್ರೆ ರೇಸಿನ ಗ್ರೇಡೇ ಇಳಿಯುತ್ತೆ, ಅಂದ್ರೆ ರೇಸೂ ಕುದುರೆ ಥರಾನೇ ಪ್ರತಿ ವರ್ಷ ಪರೀಕ್ಷೆ ಪಾಸಾಗ್ಬೇಕು.

ಇನ್ನು ಹ್ಯಾಂಡಿಕ್ಯಾಪ್. ಇಲ್ಲಿ ಕುದುರೆಗಳನ್ನ ಸಮಸಮ ಮಾಡೋದು ಬೆಲೆ ಬದಲು ತೂಕ. ಹಳೇ ರಿಸಲ್ಟ್ ನೋಡಿ ಪ್ರತಿ ಕುದುರೆಗೂ ರೇಟಿಂಗ್ ಕೊಡ್ತಾರೆ, ಬ್ರಿಟನ್‌ನಲ್ಲಿ ಒಂದು ಪಾಯಿಂಟ್ ಅಂದ್ರೆ ಒಂದು ಪೌಂಡ್ ತೂಕ, 80 ರೇಟಿಂಗ್ ಇರೋದು 70 ಇರೋದಕ್ಕಿಂತ 10 ಪೌಂಡ್, ಅಂದ್ರೆ ನಾಲ್ಕೂವರೆ ಕೆಜಿ ಜಾಸ್ತಿ ಹೊರಬೇಕು. ಜಾಕಿ ಹಗುರ ಇದ್ರೆ ಕಮ್ಮಿ ಬಿದ್ದ ತೂಕಕ್ಕೆ ಜೀನಿನ ಜೊತೆ ಸೀಸದ ತಗಡು ಸೇರಿಸ್ತಾರೆ, ರೇಸ್ ಮುಗಿದ ಮೇಲೆ ಜಾಕಿ ಜೀನಿನ ಸಮೇತ ತಕ್ಕಡಿ ಮೇಲೆ ನಿಲ್ಲಬೇಕು. ಐನೂರು ಕೆಜಿ ಪ್ರಾಣಿಗೆ ನಾಲ್ಕೂವರೆ ಕೆಜಿ ಯಾವ ಲೆಕ್ಕ ಅನ್ಸುತ್ತೆ, ಆದ್ರೆ ಪ್ರತಿ ನೆಗೆತದಲ್ಲೂ ಅದನ್ನ ಎತ್ತಿ ಮುಂದಕ್ಕೆ ಒಯ್ಯಬೇಕಲ್ವಾ, ಅದಕ್ಕೇ ದೂರ ಜಾಸ್ತಿ ಆದಷ್ಟೂ ಅದೇ ತೂಕದ ಏಟು ಜಾಸ್ತಿ ಅಂತ ಲೆಕ್ಕ ಹಾಕ್ತಾರೆ.

ಈ ತೂಕವನ್ನೂ ಮೀರಿದ್ದು ಕಾರ್ಬೈನ್ ಅನ್ನೋ ಕುದುರೆ. ಆಸ್ಟ್ರೇಲಿಯಾದ ದೊಡ್ಡ ಹ್ಯಾಂಡಿಕ್ಯಾಪ್ ರೇಸಾದ 1890ರ ಮೆಲ್ಬೋರ್ನ್ ಕಪ್‌ನಲ್ಲಿ 39 ಕುದುರೆಗಳಿದ್ವು, ಕಾರ್ಬೈನ್ ಮೇಲೆ ಸುಮಾರು 66 ಕೆಜಿ, ಎರಡನೇದಾಗಿ ಬಂದ ಹೈಬಾರ್ನ್ ಮೇಲೆ ಅದಕ್ಕಿಂತ 24 ಕೆಜಿ ಕಮ್ಮಿ. ಅಷ್ಟು ಭಾರ ಹೊತ್ಕೊಂಡು ಎರಡು ಮೈಲಿ ಓಡಿ ಅದು ಹೈಬಾರ್ನ್‌ಗಿಂತ ಮುಂದೆ ಬಂತು.