ದಾಳಿಯ ಆಟಗಾರನಿಗೆ ಒಂಟಿ ಕಾಲಾಳಿನ ಪಾಠ: ಅಂತ್ಯದಾಟದ ಟಿಪ್ಪಣಿ

ಆನ್‌ಲೈನ್‌ನಲ್ಲಿ ಚದುರಂಗ ಕಲಿತ ನಮ್ಮಂಥ ಹವ್ಯಾಸಿಗಳಲ್ಲಿ ಹೆಚ್ಚಿನವರು ತಮ್ಮದು ದಾಳಿಯ ಶೈಲಿ ಎಂದೇ ಹೇಳಿಕೊಳ್ಳುತ್ತಾರೆ. ಮಂತ್ರಿಯನ್ನು ಬೇಗ ಹೊರಗೆ ತರುವುದು, ಕಪ್ಪು ರಾಜನ ಪಕ್ಕದ ದುರ್ಬಲ ಮನೆಯಾದ ಎಫ್7ರ ಮೇಲೆ ಕಣ್ಣಿಡುವುದು, ಎದುರಾಳಿ ಮಂತ್ರಿಗಳ ವಿನಿಮಯಕ್ಕೆ ಬಂದರೆ ಹೇಗಾದರೂ ತಪ್ಪಿಸಿಕೊಳ್ಳುವುದು ಆ ಶೈಲಿಯ ಲಕ್ಷಣಗಳು. ಈ ಮೂರನೆಯ ಲಕ್ಷಣದ ಬಗ್ಗೆ ನನಗೆ ಅನುಮಾನವಿದೆ. ಕಾಯಿಗಳೆಲ್ಲ ಖಾಲಿಯಾದ ಮೇಲೆ ಏನು ಮಾಡಬೇಕೆಂದು ಗೊತ್ತಿಲ್ಲದವನು ವಿನಿಮಯಕ್ಕೆ ಹೆದರಿಯೇ ಹೆದರುತ್ತಾನೆ, ಆ ಹೆದರಿಕೆಗೆ ಶೈಲಿ ಎಂಬ ಹೆಸರು ಸುಲಭವಾಗಿ ಸಿಗುತ್ತದೆ. ಆದ್ದರಿಂದ ಈ ಟಿಪ್ಪಣಿಯ ಬಹುಭಾಗ ಎರಡು ರಾಜ, ಒಂದು ಕಾಲಾಳು ಉಳಿದ ಸ್ಥಿತಿಗೇ ಮೀಸಲು.

ಅದಕ್ಕೂ ಮೊದಲು ರೇಟಿಂಗ್ ಬಗ್ಗೆ ಎರಡು ಮಾತು. ಆಟಗಾರನ ಬಲವನ್ನು ಅಂಕದಲ್ಲಿ ಅಳೆಯಲು ಅರ್ಪಾದ್ ಎಲೋ ರೂಪಿಸಿದ ಪದ್ಧತಿಯನ್ನು ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಚದುರಂಗ ಆಡುವ ಜಾಲತಾಣವಾದ ಲೀಚೆಸ್ ಬಳಸುವುದು ಗ್ಲಿಕೋ-2 ಎಂಬ ಮುಂದಿನ ಪದ್ಧತಿಯನ್ನು, ಅದರಲ್ಲಿ ಹೊಸ ಖಾತೆ 1500ರಿಂದ ಶುರುವಾಗುತ್ತದೆ ಮತ್ತು ಆರಂಭದ ಆಟಗಳಲ್ಲಿ ಅಂಕ ಜೋರಾಗಿ ಏರಿಳಿಯುತ್ತದೆ. ಎಲೋ ಲೆಕ್ಕದ ಪ್ರಕಾರ ರೇಟಿಂಗ್‌ನಲ್ಲಿ 200 ಅಂಕ ಮೇಲಿರುವ ಆಟಗಾರನೂ ಆಟಗಳಿಂದ ಸಿಗಬಹುದಾದ ಅಂಕಗಳಲ್ಲಿ ಸರಾಸರಿ 76 ಪ್ರತಿಶತವನ್ನಷ್ಟೇ ಗಳಿಸುತ್ತಾನೆ. ಹೀಗಿರುವಾಗ ಒಂದು ಸಂಜೆಯ ಸೋಲುಗಳನ್ನು ನೋಡಿ ಪ್ರಗತಿ ನಿಂತಿತೆಂದು ಕೊರಗುವುದು ವ್ಯರ್ಥ.

ಈಗ ಬೋರ್ಡ್ ಹರವಿಕೊಳ್ಳಿ. ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನು ಹೇಳುತ್ತದೆ. ಮೊಬೈಲ್ ಪರದೆಗಿಂತ ಮರದ ಬೋರ್ಡಿನ ಮೇಲೆ ಇದು ಬೇಗ ತಲೆಗೆ ಹತ್ತುತ್ತದೆ. ಕಾಲಾಳು ಕಳೆದುಹೋಗಿದ್ದರೆ ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಒಂದು ಚಾಲಿ ಅಡಿಕೆಗೇನೂ ಬರವಿಲ್ಲ. ಬಿಳಿಯ ರಾಜ ಇ4ರಲ್ಲಿ, ಬಿಳಿಯ ಕಾಲಾಳು ಇ3ರಲ್ಲಿ, ಕಪ್ಪು ರಾಜ ಇ6ರಲ್ಲಿ ಇರಲಿ. ರಾಜರಿಬ್ಬರ ನಡುವೆ ಒಂದೇ ಮನೆ ಖಾಲಿ. ಮಳೆಗಾಲದಲ್ಲಿ ಹಳ್ಳದ ಸಂಕದ ಮೇಲೆ ಇಬ್ಬರು ಎದುರುಬದುರಾದಂತೆ ಇದು, ಆದರೆ ಇಲ್ಲಿ ನಿಂತಲ್ಲೇ ನಿಲ್ಲಲು ಯಾರಿಗೂ ಅವಕಾಶವಿಲ್ಲ, ಸರದಿ ಬಂದವನು ಕದಲಲೇಬೇಕು. ಹೀಗೆ ಎದುರಾಳಿಯ ಸರದಿಯಲ್ಲಿ ರಾಜರು ಮುಖಾಮುಖಿಯಾಗಿರುವುದಕ್ಕೆ ಆಪೋಸಿಷನ್ ಎನ್ನುತ್ತಾರೆ.

ಸರದಿ ಕಪ್ಪಿನದಾದರೆ ಬಿಳಿ ಗೆಲ್ಲುತ್ತದೆ. ಕಪ್ಪು ರಾಜ ಡಿ6ಕ್ಕೆ ಸರಿದರೆ ಬಿಳಿಯ ರಾಜ ಎಫ್5ಕ್ಕೆ ನುಗ್ಗುತ್ತಾನೆ. ಕಪ್ಪು ಇ7ಕ್ಕೆ ಬಂದರೆ ಬಿಳಿ ಇ5ಕ್ಕೆ ಬಂದು ಮತ್ತೆ ಎದುರು ನಿಲ್ಲುತ್ತದೆ. ಕಪ್ಪು ಡಿ7ಕ್ಕೆ ಹೋದರೆ ಬಿಳಿ ಎಫ್6ಕ್ಕೆ, ಕಪ್ಪು ಇ8ಕ್ಕೆ ಹಿಮ್ಮೆಟ್ಟಿದರೆ ಬಿಳಿ ಇ6ಕ್ಕೆ. ಅಲ್ಲಿಂದ ಕಪ್ಪು ಡಿ8ಕ್ಕೆ ಸರಿದೊಡನೆ ಬಿಳಿಯ ರಾಜ ಎಫ್7ಕ್ಕೆ ಬಂದು ದಾರಿ ಕಾಯುತ್ತಾನೆ, ಆಮೇಲೆ ಕಪ್ಪು ರಾಜ ಡಿ6ಕ್ಕೆ ಬಂದು ಕಾಲಾಳನ್ನು ತಡೆಯಲು ನೋಡಿದರೆ ಬಿಳಿಯ ರಾಜ ಎಫ್6ಕ್ಕೆ ಇಳಿದು ಅದನ್ನು ಕಾಯಬೇಕು, ಹೀಗೆ ರಾಜನ ಕಾವಲಿನಲ್ಲಿ ಕಾಲಾಳು ಇ8ರವರೆಗೆ ನಡೆದು ಮಂತ್ರಿಯಾಗುತ್ತದೆ.

ಸರದಿ ಬಿಳಿಯದಾದರೆ ಅದೇ ಸ್ಥಿತಿ ಡ್ರಾ. ಬಿಳಿಯ ರಾಜ ಡಿ4ಕ್ಕೆ ಹೋದರೆ ಕಪ್ಪು ಡಿ6ಕ್ಕೆ, ಎಫ್4ಕ್ಕೆ ಹೋದರೆ ಕಪ್ಪು ಎಫ್6ಕ್ಕೆ ಬಂದು ತಡೆಯುತ್ತದೆ.

ಕಲಿಯುವವರ ಬುದ್ಧಿ ಎಡವುವುದು ಮುಂದಿನ ಹಂತದಲ್ಲಿ, ಆದ್ದರಿಂದ ಅದನ್ನು ನಿಧಾನವಾಗಿ ನೋಡೋಣ. ರಾಜರು ಇದ್ದಲ್ಲೇ ಇರಲಿ, ಸರದಿಯೂ ಬಿಳಿಯದೇ ಇರಲಿ, ಕಾಲಾಳನ್ನು ಮಾತ್ರ ಇ3ರಿಂದ ಒಂದು ಮನೆ ಹಿಂದಕ್ಕೆ, ಇ2ಕ್ಕೆ ಇಡಿ. ಕಾಲಾಳು ಗುರಿಯಿಂದ ಇನ್ನಷ್ಟು ದೂರವಾಯಿತು, ಹಾಗಾಗಿ ಬಿಳಿಯ ಸ್ಥಿತಿ ಕೆಟ್ಟಿರಬೇಕು ಎಂದು ಮನಸ್ಸು ಹೇಳುತ್ತದೆ. ವಾಸ್ತವದಲ್ಲಿ ಈಗ ಬಿಳಿಗೆ ಗೆಲುವಿದೆ. ಬಿಳಿ ಕಾಲಾಳನ್ನು ಇ2ರಿಂದ ಇ3ಕ್ಕೆ ಒಂದೇ ಮನೆ ನಡೆಸುತ್ತದೆ, ರಾಜ ಕದಲುವುದಿಲ್ಲ, ಸರದಿ ಕಪ್ಪಿಗೆ ದಾಟುತ್ತದೆ. ಆಗ ಬೋರ್ಡಿನ ಮೇಲಿರುವುದು ನಾವು ಮೊದಲು ನೋಡಿದ ಗೆಲುವಿನ ಸ್ಥಿತಿಯೇ. ಹಿಂದೆ ಉಳಿದ ಕಾಲಾಳು ಒಂದು ನಡೆಯನ್ನು ಜೇಬಿನಲ್ಲಿ ಉಳಿಸಿಕೊಟ್ಟಿತ್ತು. ಕಾಲಾಳನ್ನು ಆತುರದಿಂದ ಓಡಿಸಿದವನು ಆ ನಡೆಯನ್ನು ಮೊದಲೇ ಖರ್ಚು ಮಾಡಿರುತ್ತಾನೆ. ದಾಳಿಯ ಆಟಗಾರನ ಕೈಗೆ ಇದು ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಮುಂದೆ ತಳ್ಳುವುದೇ ಪ್ರಗತಿ ಎಂಬ ಅಭ್ಯಾಸ ಅವನಿಗೆ ಬೇರೂರಿರುತ್ತದೆ. ರಾಜ ಮುಂದೆ, ಕಾಲಾಳು ಹಿಂದೆ ಎಂಬ ಕ್ರಮವನ್ನು ಬೋರ್ಡಿನ ಮೇಲೆ ಎರಡೂ ಬದಿಯಿಂದ ಆಡಿ ನೋಡದೆ ಕೇವಲ ಓದಿದರೆ ಇದು ನಿಲ್ಲುವುದಿಲ್ಲ.

ಇದನ್ನೇ ಆಯಕಟ್ಟಿನ ಮನೆಗಳ ಲೆಕ್ಕದಲ್ಲಿಯೂ ನೋಡಬಹುದು. ಕಾಲಾಳು ಎರಡರಿಂದ ನಾಲ್ಕನೆಯ ಅಡ್ಡಸಾಲಿನೊಳಗೆ ಇರುವಾಗ, ಅದರಿಂದ ಎರಡು ಸಾಲು ಮುಂದಿರುವ ಮೂರು ಮನೆಗಳಲ್ಲಿ ಒಂದನ್ನು ನಮ್ಮ ರಾಜ ಹಿಡಿದರೆ ಗೆಲುವು ಖಚಿತ. ಇ3ರ ಕಾಲಾಳಿಗೆ ಅವು ಡಿ5, ಇ5, ಎಫ್5. ಇ2ರ ಕಾಲಾಳಿಗೆ ಡಿ4, ಇ4, ಎಫ್4. ಎರಡನೆಯ ಸ್ಥಿತಿಯಲ್ಲಿ ಬಿಳಿಯ ರಾಜ ಆಗಲೇ ಇ4ರಲ್ಲಿ ನಿಂತಿದ್ದ ಎಂಬುದನ್ನು ಗಮನಿಸಿ.

ನನಗೆ ಬಹಳ ಪ್ರಿಯವಾದ ಒಂದು ಅಡ್ಡದಾರಿಯಿದೆ. ಕಾಲಾಳು ಆರನೆಯ ಸಾಲಿಗೆ ಬಂದು ಪಕ್ಕದಲ್ಲಿ ರಾಜನಿರುವಾಗ, ಅದು ಏಳನೆಯ ಸಾಲಿಗೆ ಚೆಕ್ ಕೊಡದೆ ಕಾಲಿಟ್ಟರೆ ಗೆಲುವು, ಚೆಕ್ ಕೊಟ್ಟು ಕಾಲಿಟ್ಟರೆ ಡ್ರಾ. ಬಿಳಿಯ ರಾಜ ಡಿ6, ಕಾಲಾಳು ಇ6, ಕಪ್ಪು ರಾಜ ಇ8, ಸರದಿ ಬಿಳಿಯದು ಎಂದುಕೊಳ್ಳಿ: ಕಾಲಾಳು ಇ7ಕ್ಕೆ ಹೋದರೆ ಚೆಕ್ ಇಲ್ಲ, ಕಪ್ಪು ಎಫ್7ಕ್ಕೆ ಸರಿಯಲೇಬೇಕು, ಬಿಳಿಯ ರಾಜ ಡಿ7ಕ್ಕೆ ಬಂದರೆ ಆಟ ಮುಗಿಯಿತು. ಕಪ್ಪು ರಾಜ ಡಿ8ರಲ್ಲಿದ್ದರೆ ಅದೇ ನಡೆ ಚೆಕ್ ಆಗುತ್ತದೆ, ಅವನು ಇ8ಕ್ಕೆ ಬರುತ್ತಾನೆ, ಆಮೇಲೆ ಕಾಲಾಳನ್ನು ಕಾಯಲು ಬಿಳಿಯ ರಾಜ ಇ6ಕ್ಕೆ ಹೋದರೆ ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದಿದ್ದರೂ ಕಪ್ಪಿಗೆ ಆಡಲು ನಡೆಯೇ ಇಲ್ಲದೆ ಡ್ರಾ. ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಾಗ ನೆನಪಿಗೆ ಬರುವುದು ಇಂಥ ಸೂತ್ರವೇ ಹೊರತು ಇಡೀ ಸಿದ್ಧಾಂತವಲ್ಲ.

ಎ ಮತ್ತು ಎಚ್ ಸಾಲುಗಳ ಕಾಲಾಳಿಗೆ ಇದಾವುದೂ ಅನ್ವಯಿಸುವುದಿಲ್ಲ. ಕಾಲಾಳಿನ ಮುಂದಿನ ಮೂಲೆಯನ್ನು ಎದುರಾಳಿಯ ರಾಜ ಸೇರಿಕೊಂಡರೆ ಅದು ಡ್ರಾ.

ಇಷ್ಟು ಕೈವಶವಾದ ಮೇಲೆ ಆಟದ ಶೈಲಿ ತಾನಾಗಿ ಬದಲಾಗುತ್ತದೆ. ಒಂದು ಕಾಲಾಳು ಹೆಚ್ಚಿದ್ದಾಗ ಮಂತ್ರಿ, ಆನೆಗಳ ವಿನಿಮಯವನ್ನು ನಾವೇ ಕೇಳತೊಡಗುತ್ತೇವೆ, ತಪ್ಪಿಸಿಕೊಳ್ಳುವ ಪಾಳಿ ಎದುರಾಳಿಯದಾಗುತ್ತದೆ. ಅಭ್ಯಾಸಕ್ಕೆ ಲೀಚೆಸ್‌ನ ಪ್ರಾಕ್ಟೀಸ್ ವಿಭಾಗದಲ್ಲಿ ಆಪೋಸಿಷನ್ ಮತ್ತು ಆಯಕಟ್ಟಿನ ಮನೆಗಳು ಎಂಬ ಈ ಎರಡು ವಿಷಯಗಳ ಪಾಠಗಳೂ ಇವೆ. ಆಡುವಾಗ ಮಾತ್ರ ಬರೀ 10 ನಿಮಿಷದ ಆಟ ಬೇಡ. 15 ನಿಮಿಷ ಮತ್ತು ಪ್ರತಿ ನಡೆಗೆ 10 ಸೆಕೆಂಡು ಸೇರುವ ಆಟವನ್ನು ಆರಿಸಿಕೊಳ್ಳಿ, ಸರದಿ ಎಣಿಸಲು ಸಮಯ ಸಿಗುತ್ತದೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಕೈಕೊಟ್ಟರೂ ಗಡಿಯಾರ ನಿಲ್ಲುವುದಿಲ್ಲವಾದ್ದರಿಂದ, ನಮ್ಮ ಊರುಗಳಲ್ಲಿ ರೇಟಿಂಗ್ ಆಟಗಳನ್ನು ದೀಪಾವಳಿಯ ಆಚೆಗೆ ಇಟ್ಟುಕೊಂಡು ಮಳೆಗಾಲವನ್ನು ಮರದ ಬೋರ್ಡಿಗೆ ಬಿಡುವುದು ಲಾಭಕರ.