ಚಿನ್ನಕ್ಕೆ ಒಂಬತ್ತೇ ವರ್ಷ ಬಾಕಿ ಇತ್ತು

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ನೂರಕ್ಕೂ ಹೆಚ್ಚು ವರ್ಷ ಅಗೆದು, ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿದ್ದ ಗಣಿ ಅದು. ಯಾಕೆ ಮುಚ್ಚಿತು ಅಂದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಚಿನ್ನ ಮುಗಿದುಹೋಯಿತು.

ಪೂರ್ತಿ ಮುಗಿದಿರಲಿಲ್ಲ. ಅಷ್ಟು ಆಳದಿಂದ ಅದಿರು ಎತ್ತಿ, ಪುಡಿ ಮಾಡಿ, ಚಿನ್ನ ತೆಗೆಯುವ ಖರ್ಚು ಆ ಚಿನ್ನದಿಂದ ಬರುವ ದುಡ್ಡಿಗಿಂತ ಜಾಸ್ತಿಯಾಗಿತ್ತು. ಆಗ ಚಿನ್ನದ ಬೆಲೆ ಔನ್ಸ್‌ಗೆ 300 ಡಾಲರ್ ಕೂಡ ಇರಲಿಲ್ಲ. ಈಗ ಅದರ ಎಷ್ಟೋ ಪಟ್ಟು. ಹಾಗಾಗಿ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಬೇಡವೆಂದು ಸುರಿದ ಪುಡಿಯ ದಿಬ್ಬಗಳ ಮೇಲೂ ಮತ್ತೆ ಕಣ್ಣು ಬಿದ್ದಿದೆ.

ಸಂಪನ್ಮೂಲ ಖಾಲಿಯಾಗಿ ನಾಗರಿಕತೆ ಕುಸಿಯುತ್ತದೆ ಎಂಬ ಭವಿಷ್ಯವಾಣಿಗಳು ಎಡವುವ ಮೊದಲ ಜಾಗ ಇದೇ. ಗಣಿಯವರು ರಿಸರ್ವ್ ಅನ್ನುವುದು ನೆಲದಲ್ಲಿರುವ ಒಟ್ಟು ಲೋಹಕ್ಕಲ್ಲ. ಇವತ್ತಿನ ಬೆಲೆಗೆ, ಇವತ್ತಿನ ತಂತ್ರಕ್ಕೆ ಗಿಟ್ಟುವಷ್ಟಕ್ಕೆ ಮಾತ್ರ. ಅದನ್ನು ವರ್ಷದ ಬಳಕೆಯಿಂದ ಭಾಗಿಸಿ ಇಷ್ಟೇ ವರ್ಷ ಅನ್ನುವುದು, ಅಡುಗೆಮನೆ ಡಬ್ಬಿಯಲ್ಲಿರುವ ಅಕ್ಕಿ ನೋಡಿ ಊರಿನ ಅಕ್ಕಿ ಯಾವಾಗ ಮುಗಿಯುತ್ತದೆ ಎಂದು ಹೇಳಿದಂತೆ.

1972ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಒಂದು ತಂಡ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟಕ್ಕಾಗಿ ಸಿದ್ಧಪಡಿಸಿದ ವರದಿಯಲ್ಲಿ ಅಂಥದ್ದೊಂದು ಪಟ್ಟಿ ಇತ್ತು. ಬಳಕೆ ಹೀಗೇ ಏರುತ್ತಾ ಹೋದರೆ ಗೊತ್ತಿರುವ ಚಿನ್ನ 9 ವರ್ಷಕ್ಕೆ, ಪೆಟ್ರೋಲಿಯಂ 20 ವರ್ಷಕ್ಕೆ. ಈಗಲೂ ಜಗತ್ತು ವರ್ಷಕ್ಕೆ 3000 ಟನ್‌ಗೂ ಹೆಚ್ಚು ಚಿನ್ನ ಅಗೆಯುತ್ತಿದೆ. ನೋಡಿ, ಸುಳ್ಳಾಯಿತು ಎಂದು ನಗುವವರು ಬಹಳ. ಆದರೆ ಅದೇ ಪಟ್ಟಿಯಲ್ಲಿ ಪಕ್ಕದ ಕಾಲಂ ಕೂಡ ಇತ್ತು: ನಿಕ್ಷೇಪ ಗೊತ್ತಿರುವುದರ ಐದು ಪಟ್ಟು ಇದ್ದರೆ ಚಿನ್ನ 29 ವರ್ಷ, ಪೆಟ್ರೋಲಿಯಂ 50. ಅದನ್ನು ಓದದೆ ನಗುವುದೂ ನ್ಯಾಯವಲ್ಲ.

ಹಾಗಾದರೆ ಇಂಥ ಲೆಕ್ಕದಲ್ಲಿ ವಿಜ್ಞಾನವೇ ಇಲ್ಲವಾ? ಇದೆ. ನನಗೆ ಇಷ್ಟವಾದ ಉದಾಹರಣೆ ಎಂ. ಕಿಂಗ್ ಹಬರ್ಟ್. ಶೆಲ್ ಕಂಪನಿಯಲ್ಲಿದ್ದ ಭೂವಿಜ್ಞಾನಿ. 1956ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ, ತೈಲ ಉದ್ಯಮದವರ ಸಭೆಯಲ್ಲೇ ನಿಂತು, ಅಮೆರಿಕದ ತೈಲ ಉತ್ಪಾದನೆ ಇಳಿಮುಖವಾಗುವ ಕಾಲ ದೂರವಿಲ್ಲ ಅಂದರು. ಧೈರ್ಯ ಬೇಕಲ್ವಾ? ಸುಮ್ನೆ ಹೆದರಿಸಲಿಲ್ಲ. ಒಟ್ಟು ತೆಗೆಯಬಹುದಾದ ಎಣ್ಣೆ 150 ಬಿಲಿಯನ್ ಬ್ಯಾರೆಲ್ ಆದರೆ 1965ರ ಸುಮಾರಿಗೆ ತುದಿ, 200 ಬಿಲಿಯನ್ ಆದರೆ 1970ರ ಸುಮಾರಿಗೆ ತುದಿ ಎಂದು ಗೆರೆ ಎಳೆದು ತೋರಿಸಿದರು. 1970ರಲ್ಲಿ ಉತ್ಪಾದನೆ ತುದಿ ಮುಟ್ಟಿ ಇಳಿಯತೊಡಗಿತು. ಎಣ್ಣೆ ಮಾತ್ರ ಅವರು ಹೇಳಿದ್ದಕ್ಕಿಂತ ಜಾಸ್ತಿಯೇ ಬಂದಿತ್ತು. ಹಲವು ದಶಕ ಆ ಗೆರೆ ಗೆದ್ದಿತು. ಆಮೇಲೆ ಎಣ್ಣೆ ಸಿಕ್ಕಿಕೊಂಡಿರುವ ಶೇಲ್ ಎಂಬ ಪದರಗಲ್ಲನ್ನು ನೀರಿನ ಒತ್ತಡದಿಂದ ಒಡೆದು ಎಣ್ಣೆ ತೆಗೆಯುವ ವಿಧಾನ ಕೈಗೆಟುಕಿತು. 2018ರ ಹೊತ್ತಿಗೆ ಅಮೆರಿಕ 1970ರ ದಾಖಲೆಯನ್ನೇ ದಾಟಿತು. ಇಡೀ ಜಗತ್ತಿನ ಉತ್ಪಾದನೆ 2000ದ ಆಸುಪಾಸಿನಲ್ಲಿ ಇಳಿಯುತ್ತದೆ ಎಂದೂ ಹಬರ್ಟ್ ಹೇಳಿದ್ದರು. ಅದೂ ಆಗಲಿಲ್ಲ.

ಅವರು ತಪ್ಪಿದರು, ಸರಿ. ಆದರೆ ಎಲ್ಲಿ ತಪ್ಪಿದರು, ಯಾಕೆ ತಪ್ಪಿದರು ಎಂದು ಬೆರಳಿಟ್ಟು ತೋರಿಸಬಹುದು. "ಇವತ್ತಲ್ಲ ನಾಳೆ ಎಲ್ಲ ಕುಸಿಯುತ್ತದೆ" ಅನ್ನುವವರ ಮಾತಿನಲ್ಲಿ ಹಾಗೆ ಬೆರಳಿಡಲು ಜಾಗವೇ ಸಿಗುವುದಿಲ್ಲ.

ಇನ್ನು ಕುಸಿತ. ಎಣ್ಣೆಯನ್ನು ಬ್ಯಾರೆಲ್‌ನಲ್ಲಿ ಅಳೆಯಬಹುದು, ಕುಸಿತವನ್ನು ಯಾವುದರಲ್ಲಿ? ಎಂಐಟಿ ತಂಡದ ವರ್ಲ್ಡ್3 ಎಂಬ ಕಂಪ್ಯೂಟರ್ ಮಾದರಿ ಇದಕ್ಕೆ ಒಂದು ಉತ್ತರ ಕೊಟ್ಟಿತ್ತು: ಜನಸಂಖ್ಯೆ ಮತ್ತು ಕೈಗಾರಿಕಾ ಉತ್ಪಾದನೆ ಗಣನೀಯವಾಗಿ ಬೀಳುವುದು. 2008ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಟರ್ನರ್ 30 ವರ್ಷಗಳ ನಿಜವಾದ ಅಂಕಿಅಂಶಗಳನ್ನು ಆ ಗೆರೆಗಳ ಪಕ್ಕದಲ್ಲಿಟ್ಟು ನೋಡಿದರು. ಎಂದಿನಂತೆ ಸಾಗಿದರೆ ಹೀಗಾಗುತ್ತದೆ ಎಂದು ಎಳೆದಿದ್ದ ಗೆರೆಗೆ ಬಹುಪಾಲು ಹೊಂದಿಕೊಂಡಿತು. ಸುದ್ದಿಯಾಯಿತು. ನನ್ನ ತಕರಾರು ಚಿಕ್ಕದು. ಹೊಂದಿದ್ದು ಗೆರೆ ಏರುವ ಭಾಗ. ಬೀಳುವ ಭಾಗ ಅಲ್ಲಿಂದಾಚೆಗಿತ್ತು. ಬೆಳವಣಿಗೆ ಮುಂದುವರಿಯುತ್ತದೆ ಅನ್ನುವ ಯಾವ ಮಾದರಿಯೂ ಆ 30 ವರ್ಷಗಳಲ್ಲಿ ಹೆಚ್ಚುಕಡಿಮೆ ಪಾಸಾಗುತ್ತಿತ್ತು.

ಇನ್ನೊಂದು ತೊಡಕು: ಆ ಮಾದರಿಗೆ ಇಡೀ ಜಗತ್ತು ಒಂದೇ ಸರಾಸರಿ. ಊರುಗಳಿಲ್ಲ, ದೇಶಗಳಿಲ್ಲ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಊರು ಬಹಳ ಕಷ್ಟಪಟ್ಟಿತು, ಕ್ವಾರ್ಟರ್ಸ್‌ಗಳು ಹಾಳುಬಿದ್ದವು. ಆದರೆ ಈಗಲೂ ದಿನಾ ಬೆಳಿಗ್ಗೆ ಅಲ್ಲಿನ ಮಾರಿಕುಪ್ಪಂ ನಿಲ್ದಾಣದ ಕಡೆಯಿಂದ ಹೊರಡುವ ರೈಲುಗಳು ಕೆಲಸಕ್ಕೆ ಹೋಗುವವರಿಂದ ತುಂಬಿ ಬೆಂಗಳೂರಿಗೆ ಬರುತ್ತವೆ, ಸಂಜೆ ಅವರನ್ನೇ ಹೊತ್ತು ವಾಪಸ್ ಹೋಗುತ್ತವೆ. ಈ ಊರನ್ನು ಕುಸಿದ ಪಟ್ಟಿಗೆ ಸೇರಿಸಬೇಕಾ, ಬೇಡವಾ?